ಬೀಗರಿಗೆ ಲಕ್ಷುರಿ ಹಡಗಿನ ಊಟ

ಏಕಸಂಬಿಯಲ್ಲಿ ಹಿಂದೆಂದೂ ಯಾರೂ ಉಣ್ಣದಂಥ ಊಟವನ್ನು ಬೀಗರಿಗೆ ಹಾಕಿಸುತ್ತೇನೆಂದು 1992ರ ಡಿಸೆಂಬರಿನಲ್ಲಿ ನಾನು ಪಣ ತೊಟ್ಟೆ. ಹಾಕಿಸಿದೆ ಕೂಡ. ಊರು ಅದನ್ನು ಇನ್ನೂ ಮರೆತಿಲ್ಲ.

ಕಾಗವಾಡದ ಭೀಮಗೊಂಡರು ತಮ್ಮ ಮಗನಿಗಾಗಿ ನಮ್ಮ ತ್ರಿಶಲಾಳನ್ನು ನೋಡಿ ಹೋಗಿದ್ದರು. ಹುಡುಗ ಒಪ್ಪಿದ್ದ, ಮಗಳೂ ಒಪ್ಪಿದ್ದಳು. ಅವರ ಕಡೆಯ ಹನ್ನೆರಡು ಹಿರಿಯರು ಬಂದು, ಉಂಡು, ಮಾತು ಪಕ್ಕಾ ಮಾಡುವುದಷ್ಟೇ ಬಾಕಿ. ಹುಡುಗ ಬಂಗಾರದಂಥವನು. ಈ ಸಂಬಂಧ ಕೈತಪ್ಪಬಾರದೆಂದು ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಅದೇ ಹೊತ್ತಿಗೆ ನನ್ನ ಹೆಂಡತಿ ಜಿನಮತಿಯ ತಮ್ಮ, ಉತ್ತಮನೆಂಬವನು, ರಜೆಯ ಮೇಲೆ ಬಂದ. ಅವನು ಪರದೇಶದ ಪ್ರವಾಸಿ ಹಡಗುಗಳಲ್ಲಿ ಊಟ ಬಡಿಸುವವನು. ನಾಲ್ಕು ವರ್ಷ ‘ಪ್ರೀಮಿಯಂ’ ದರ್ಜೆಯ ಹಡಗಿನಲ್ಲಿದ್ದು, ಈಗ ‘ಲಕ್ಷುರಿ’ ದರ್ಜೆಗೆ ಏರಿದ್ದ. ಎರಡರಲ್ಲಿ ಯಾವುದು ಮೇಲು ಎಂಬುದನ್ನು ಅವನೊಡನೆ ಮೂರು ದಿನ ಕೂಲಂಕಷವಾಗಿ ಚರ್ಚಿಸಿದೆ. ನಾನು ಸ್ವತಃ ಹತ್ತಿದ್ದು ಕೃಷ್ಣಾ ನದಿ ದಾಟಿಸುವ ನಾವೆಯನ್ನು ಮಾತ್ರ. ಅದರಲ್ಲಿ ಊಟದ ವ್ಯವಸ್ಥೆ ಇರಲಿಲ್ಲ.

“ಪ್ರೀಮಿಯಂದಾಗ ಎರಡ ಪಂಗತಿ ಇರತಾವ ದಾಜಿ,” ಎಂದು ಭಾವನಾದ ನನಗೆ ವಿವರಿಸಿದ ಉತ್ತಮ. “ಒಬ್ಬಂವ ಇಪ್ಪತ್ತ ಮಂದೀನ ನೋಡಬೇಕು. ಚಲೋ ಐತೇನ್ರಿ, ಇನ್ನಷ್ಟ ಹಾಕಲೇನ್ರಿ ಅಂತ ಬಂದು ಬಂದು ಕೇಳತೇವಿ.”

“ಲಕ್ಷುರಿದಾಗ?”

“ಅಲ್ಲಿ ಗದ್ದಲ ಇಲ್ಲ. ಒಬ್ಬಂವಗ ಆರ ಮಂದಿ. ತಾಟ ದೊಡ್ಡದು, ತುತ್ತ ಸಣ್ಣದು. ಒಮ್ಮೆ ಕೇಳೂದು. ಬ್ಯಾಡ ಅಂದ್ರ ಬ್ಯಾಡ. ಮತ್ತ ಕೇಳಿದ್ರ ಅವರ ಮಾತಿಗಿ ಬೆಲಿ ಕೊಡಲಿಲ್ಲ ಅಂದಂಗ.”

ನಾಗರಿಕತೆ ಎಂದರೆ ಇದು ಎನಿಸಿತು. ಪ್ರೀಮಿಯಂ ನಮ್ಮ ಮದುವೆ ಮನೆಗಿಂತ ಹೆಚ್ಚಿನದೇನಲ್ಲ. ಬೀಗರಿಗೆ ಲಕ್ಷುರಿಯೇ ಆಗಬೇಕೆಂದು ತೀರ್ಮಾನಿಸಿದೆ.

“ಅದು ಸಮುದ್ರರಿ,” ಎಂದಳು ಜಿನಮತಿ. “ಬರವರು ಕಾಗವಾಡದವರು.”

“ನೀ ಅಡಿಗಿ ಮನಿ ಬಿಟ್ಟು ಹೊರಗ ಬರಬ್ಯಾಡ. ಹಡಗದಾಗ ಅಡಿಗಿ ಮಾಡವರು ಮಂದಿ ಕಣ್ಣಿಗಿ ಬೀಳೂದಿಲ್ಲ.”

ಅವಳು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಹೂರಣ ರುಬ್ಬಲು ಹೋದಳು.

ನಮ್ಮ ಕಡೆಯ ಪದ್ಧತಿ ತಿಳಿಯದವರಿಗೆ ಹೇಳಿಬಿಡುತ್ತೇನೆ. ಹೋಳಿಗೆ ಬಂದಾಗ ಉಣ್ಣುವವರು ತಾಟಿಗೆ ಕೈ ಅಡ್ಡ ಹಿಡಿದು “ಸಾಕ್ರಿ” ಎನ್ನಬೇಕು. ಆದರೆ ಹೋಳಿಗೆ ಜಾರುವಷ್ಟು ಸಂದಿ ಬಿಟ್ಟಿರಬೇಕು. ಬಡಿಸುವವರು ಆಣೆ ಹಾಕಿ, ಸಿಟ್ಟು ಮಾಡಿ, ಆ ಕೈ ಸರಿಸಿ ಹಾಕಬೇಕು. ಮೂರನೆಯ ಸಲಕ್ಕೆ ನಿಜವಾದ ಊಟ ಸುರುವಾಗುತ್ತದೆ. ಇದೆಲ್ಲ ನನಗೂ ಗೊತ್ತಿತ್ತು. ಆದರೆ ಲಕ್ಷುರಿ ತಲೆಗೇರಿತ್ತು.

ನಾವೂ ಜೈನರು, ಬೀಗರೂ ಜೈನರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಆದ್ದರಿಂದ ಸಂಜೆ ಐದಕ್ಕೇ ಹಿರಿಯರನ್ನು ಪಂಗತಿಗೆ ಕೂರಿಸಿದೆ. ಉತ್ತಮ ಮತ್ತು ಪಕ್ಕದ ಮನೆಯ ವಿಠೋಬಾ ತೋಳಿನ ಮೇಲೆ ಬಿಳಿ ಅರಿವೆ ಹಾಕಿಕೊಂಡು ಆರಾರು ಮಂದಿಯ ಹಿಂದೆ ನಿಂತರು. ತಲೆಗೆ ಅರ್ಧ ಹೋಳಿಗೆ, ಒಂದು ಚಮಚ ತುಪ್ಪ, ಒಂದು ಮುಷ್ಟಿ ಅನ್ನ ಬಂದವು. ಎರಡು ನಿಮಿಷದಲ್ಲಿ ತಾಟುಗಳು ಖಾಲಿಯಾದವು.

“ಹೋಳಗಿ ಬೇಕೇನ್ರಿ?” ಎಂದು ಉತ್ತಮ ಮೆಲ್ಲಗೆ ಕೇಳಿದ.

“ಸಾಕ್ರಿ, ಸಾಕು,” ಎಂದು ಭೀಮಗೊಂಡರು ಕೈ ಅಡ್ಡ ಹಿಡಿದರು. ಸಂದಿ ಧಾರಾಳವಾಗಿಯೇ ಇತ್ತು. ಉತ್ತಮ ತಲೆಬಾಗಿ ಗೋಡೆಯ ಬಳಿ ಹೋಗಿ ನಿಂತ. ಉಳಿದ ಹನ್ನೊಂದು ಜನರೂ ಸಾಕೆಂದರು. ಬಡಿಸುವವರು ಅವರೆಲ್ಲರ ಮಾತಿಗೆ ಬೆಲೆ ಕೊಟ್ಟರು.

ಆಮೇಲೆ ಹನ್ನೆರಡು ಜನ ಕೈ ಅಡ್ಡ ಹಿಡಿದುಕೊಂಡೇ ಬಹಳ ಹೊತ್ತು ಕುಳಿತರು. ನಾನು ಇಂಥ ಶಾಂತ ಪಂಗತಿಯನ್ನು ಕಂಡೇ ಇರಲಿಲ್ಲ. ಎಂಥ ಸಂಸ್ಕಾರವಂತ ಜನ ಎಂದು ಮನಸ್ಸು ತುಂಬಿ ಬಂತು. ಭೀಮಗೊಂಡರು ಅಡಿಗೆ ಮನೆಯ ಬಾಗಿಲನ್ನು ನೋಡಿದರು, ಕಿಟಕಿಯಾಚೆ ಇಳಿಯುತ್ತಿದ್ದ ಸೂರ್ಯನನ್ನು ನೋಡಿದರು, ಕೊನೆಗೆ ಸೋತು ಕೈ ತೆಗೆದರು. ಉತ್ತಮ ಆ ಕ್ಷಣವೇ ಅವರ ತಾಟನ್ನು ಎತ್ತಿಕೊಂಡು ಹೋದ.

ಒಳಗೆ ಹೋದ ನನ್ನನ್ನು ಜಿನಮತಿ ಕೇಳಿದಳು: “ಎಷ್ಟ ಹೋಳಗಿ ಹೋದೂರಿ?”

“ಆರು.”

“ಒಬ್ಬೊಬ್ಬರಿಗಿ?”

“ಎಲ್ಲಾರಿಗಿ ಕೂಡಿ.”

ಅವಳು ಹೋಳಿಗೆಯ ಬುಟ್ಟಿ ಹೊತ್ತುಕೊಂಡು ಹೊರಗೆ ಧಾವಿಸಿದಳು. ಅಷ್ಟರಲ್ಲಿ ಸೂರ್ಯ ಮುಳುಗಿದ್ದ. ಬೀಗರು ಕೈ ತೊಳೆದು ಚಪ್ಪಲಿ ಮೆಟ್ಟುತ್ತಿದ್ದರು.

“ವಿಚಾರ ಮಾಡಿ ತಿಳಸತೇವ್ರಿ,” ಎಂದರು ಭೀಮಗೊಂಡರು.

ಆ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಬಾಗಿಲ ಮರೆಯಲ್ಲಿ ತ್ರಿಶಲಾಳ ಮುಖ ಸಣ್ಣದಾಗಿತ್ತು. ಅದನ್ನು ನೋಡಿ ನನ್ನ ತಲೆಗೇರಿದ್ದ ಲಕ್ಷುರಿ ಇಳಿಯಿತು.

ಜಿನಮತಿ ಹೊಸ್ತಿಲ ಮೇಲೆ ಅಡ್ಡ ನಿಂತಳು. “ಉಪಾಸ ಹೋಗಾಕ ನಾ ಬಿಡೂದಿಲ್ರಿ. ಇವತ್ತ ಇರ್ರಿ, ಮುಂಜಾನೆ ಉಂಡು ಹೋಗ್ರಿ.”

“ಇಲ್ರಿ ಅಕ್ಕಾರ, ಕೆಲಸ ಐತಿ.”

“ಇರಾಕ ಬೇಕು.”

“ಬ್ಯಾಡ್ರಿ.”

“ನನ್ನ ಮಗಳ ಆಣಿ ಐತಿ.”

ಭೀಮಗೊಂಡರ ಮುಖದಲ್ಲಿ ಆ ಸಂಜೆ ಮೊದಲ ಸಲ ನಗು ಕಂಡಿತು. ಚಪ್ಪಲಿ ಬಿಟ್ಟು ಒಳಗೆ ಬಂದರು.

ಮರುದಿನ ಹೊತ್ತು ಏರಿದ ಮೇಲೆ ಜಿನಮತಿಯೇ ನಿಂತು ಬಡಿಸಿದಳು. ಭೀಮಗೊಂಡರು ಏಳು ಸಲ ಬೇಡವೆಂದು ಎಂಟು ಹೋಳಿಗೆ ಉಂಡರು. ಆಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದರು:

“ನಮಗ ಸಂಬಂಧ ಒಪ್ಪಿಗಿ ಐತ್ರಿ. ಆದ್ರ ಒಂದ ಕರಾರು. ಲಗ್ನದಾಗ ಊಟದ ಕಡೆ ಬೀಗರು, ಅಂದ್ರ ನೀವು, ಹಾಯಬಾರದು.”

ಮಗಳ ಮದುವೆಯಲ್ಲಿ ಪಂಗತಿ ತಿರುಗಿ ಉಣ್ಣುವವರನ್ನು ಉಪಚರಿಸುವುದು ಅಪ್ಪನ ಹಕ್ಕು. ನನ್ನ ಪರವಾಗಿ ಎರಡು ಮಾತು ಆಡಲೆಂದು ಹೆಂಡತಿಯ ಕಡೆ ನೋಡಿದೆ.

ಜಿನಮತಿ ಸೆರಗು ಸರಿಪಡಿಸಿಕೊಂಡು ವಿನಯದಿಂದ ಕೇಳಿದಳು: “ಬಾಯಿ ಮಾತ ಸಾಕೇನ್ರಿ, ಇಲ್ಲಾ ಇವರ ಕಡಿಂದ ಬರಸಿ ಕೊಡಲಿ?”