ಹಗೇವಿಗೆ ಇಳಿದ ಬ್ಯಾಟರಿ

ತಂಪು ಮಾಡುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಕಮರಿಪೇಟೆಯ ಮಣ್ಣಿನ ಮನೆಯಲ್ಲಿ ಬಾಳಿದವಳು ನಾನು. ಓದಿದವರೇ ನನ್ನ ಹತ್ತಿರ ಬಂದು ಕಲಿಯಬೇಕು ಎಂದುಕೊಂಡಿದ್ದೆ!

ನಮ್ಮ ಮನೆಯವರು ತೀರಿಕೊಂಡ ಮೇಲೆ ಅವರ ಫೋಟೋದ ಮುಂದೆ ಬೆಳಕು ಆರಬಾರದು ಎಂಬುದೊಂದೇ ನನ್ನ ಹಟ. ಎಣ್ಣೆದೀಪದ ಹೊಗೆ ಅವರಿಗೆ ಆಗುತ್ತಿರಲಿಲ್ಲ. ಕರೆಂಟೋ, ಸಂಜೆಯಾದರೆ ಸಾಕು, ಹೋಗಿಬಿಡುತ್ತಿತ್ತು. ಅದಕ್ಕೆ ಅಳಿಯ ಅಮರೇಶ ಮಾಳಿಗೆಯ ಮೇಲೆ ಸೋಲಾರ್ ಹಲಗೆ ಕೂರಿಸಿ, ಅಲ್ಲೇ ತಗಡಿನ ಕೋಣೆಯಲ್ಲಿ ಬ್ಯಾಟರಿ ಇಟ್ಟ. ಅದು ರೊಟ್ಟಿ ಹಂಚಿನ ಹಾಗೆ ಕಾಯಿತು. ಊಟದ ಹೊತ್ತಿಗೇ ಬಲ್ಬು ಸತ್ತಿತು.

ಅಳಿಯ ಡಿಪ್ಲೊಮಾ ಕಲಿತವನು. ಬ್ಯಾಟರಿಗೆ ಗಾಳಿ ಹಾಕಲು ಫ್ಯಾನು ತಂದ. ಆ ಫ್ಯಾನು ಅದೇ ಬ್ಯಾಟರಿಯ ಕರೆಂಟು ತಿಂದಿತು! ಬೀಸಣಿಗೆ ಬೀಸಲು ಬಂದವನು ಊಟದ ಗಂಗಾಳವನ್ನೇ ಬಳಿದು ಹೋದ ಹಾಗೆ.

"ಕರೆಂಟಿಲ್ದ ತಂಪ ಮಾಡಿ ತೋರಸ್ತೇನಿ ಅಳಿಯಾರ. ನೋಡಕೋತ ಕೂಡ್ರಿ," ಎಂದೆ.

"ಹೆಂಗರಿ ಅತ್ತಿ?"

"ಜ್ವಾಳಾ ಹೆಂಗ ಇಡ್ತಿದ್ವಿ, ಹಂಗ."

ಪಡಸಾಲೆಯ ನೆಲದಡಿ ಹಗೇವಿದೆ. ಮಾವನವರ ಕಾಲದಲ್ಲಿ ಜೋಳ ತುಂಬುತ್ತಿದ್ದ ಗುಂಡಿ, ಈಗ ಖಾಲಿ. ಬೇಸಿಗೆಯಲ್ಲೂ ಒಳಗೆ ತಣ್ಣಗೆ. ಹಮಾಲ ಬೀರಪ್ಪನನ್ನು ಕರೆದು ಬ್ಯಾಟರಿ ಇಳಿಸಿದೆ. ವೈರು ಮಾತ್ರ ಹೊರಗೆ. ಬಾಯಿಗೆ ಕಲ್ಲು ಮುಚ್ಚಿ, ಹುಳ ಹೋಗದಂತೆ ಸಂದಿಗೆಲ್ಲ ಸೆಗಣಿಮಣ್ಣು ಮೆತ್ತಿದೆ. ಬ್ಯಾಟರಿಗೆ ಹುಳ ಬೀಳುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳುವ ಎದೆ ಯಾರಿಗಿತ್ತು!

ಬಲ್ಬು ಬೆಳಗಿನ ತನಕ ಉರಿಯಿತು. ಓಣಿ ತುಂಬ ಹೇಳಿಕೊಂಡು ಬಂದೆ. ಬ್ಯಾಟರಿ ಗ್ಯಾಸು ಬಿಡುತ್ತದೆ, ಆಗಾಗ ಅದಕ್ಕೆ ನೀರೂ ಹಾಕಬೇಕು ಎಂದು ಅಳಿಯ ಗೊಣಗಿದ. ಗ್ಯಾಸು ನಿಮ್ಮ ಹೊಟ್ಟೆಯಲ್ಲಿದೆ ಎಂದು ಬಾಯಿ ಮುಚ್ಚಿಸಿದೆ.

ನಮ್ಮ ಮನೆಯವರ ವರ್ಷದ ಕಾರ್ಯ ಬಂತು. ಬೀಗರು, ನೆಂಟರು, ಪೂಜೆಗೆ ಬಂದ ಅಯ್ಯನವರಾದ ಗುರುಸಿದ್ದಯ್ಯ, ಎಲ್ಲರೂ ಫೋಟೋದ ಮುಂದೆ ಕೂತಿದ್ದಾರೆ. ಕರೆಂಟು ಹೋಯಿತು. ಈಗ ನೋಡಿ ಎಂದು ಗತ್ತಿನಿಂದ ಸ್ವಿಚ್ಚು ಒತ್ತಿದೆ. ಕತ್ತಲೆ! ನೀರು ಕಾಣದೆ ಬ್ಯಾಟರಿ ಒಣಗಿ ಹೋಗಿತ್ತು.

ಕಲ್ಲು ಕೀಳಿಸಿದೆ. ಮುಚ್ಚಿಟ್ಟ ಹಗೇವಿಗೆ ಹಾಗೇ ಇಳಿಯಬಾರದು, ಒಳಗೆ ಕೆಟ್ಟ ಗಾಳಿ ಇರುತ್ತದೆ. ಮೊದಲು ದೀಪ ಇಳಿಬಿಡಬೇಕು. ಆರಿದರೆ ಅಪಾಯ, ಉರಿದರೆ ಇಳಿಯಬಹುದು. ಇದು ಹಿರಿಯರ ಶಾಸ್ತ್ರ. ಅದನ್ನು ಎಲ್ಲರಿಗೂ ಬೋಧಿಸುತ್ತ, ಹಗ್ಗಕ್ಕೆ ಚಿಮಣಿ ದೀಪ ಕಟ್ಟಿ ಇಳಿಬಿಟ್ಟೆ.

"ಅತ್ತಿ, ಬ್ಯಾಡ್ರಿ," ಎಂದು ಅಳಿಯ ಎದ್ದ.

ದೀಪ ಆರಲಿಲ್ಲ. ಢಂ!

ಚಿಮಣಿ ತೊಲೆಗೆ ಬಡಿಯಿತು. ಅಯ್ಯನವರ ತಲೆಯ ಮೇಲೆ ಮಾವನವರ ಕಾಲದ ಜೋಳದ ಹೊಟ್ಟು ಸುರಿಯಿತು. ನನ್ನ ಹುಬ್ಬು ಎರಡೂ ಹೋದವು. ಫೋಟೋ ಪೂರಾ ಮಸಿ. ಸೆರಗಿನಿಂದ ಅವರ ಮುಖ ಒರೆಸಿದೆ.

"ತಂಪು ಬೇಕು ಖರೇರಿ ಅತ್ತಿ," ಎಂದ ಅಳಿಯ ಮೆಲ್ಲಗೆ. "ಆದ್ರ ಅದಕ್ಕ ಉಸರಾಡಾಕೂ ಜಾಗಾ ಬೇಕಲ್ಲರಿ."

ಬೇರೆ ಬ್ಯಾಟರಿ ಬಂತು. ನೆರಳೂ ಗಾಳಿಯೂ ಇರುವ ಜಾಗ ಮನೆಯಲ್ಲಿ ಒಂದೇ, ಬಡಗಣ ಕಿಟಕಿಯ ಬದಿ. ನಮ್ಮ ಮನೆಯವರ ಮಂಚ ಇದ್ದದ್ದು ಅಲ್ಲೇ. ಅವರು ಹೋದ ಮೇಲೆ ಅಲ್ಲಿ ಯಾರನ್ನೂ ಕೂರಗೊಟ್ಟಿರಲಿಲ್ಲ. ಅಲ್ಲೇ ಇಡಿ ಎಂದೆ. ಈಗ ಮುಂಜಾನೆ ಎದ್ದವಳೇ ಅದರ ಮೈ ಮುಟ್ಟಿ ನೋಡುತ್ತೇನೆ, ಬಿಸಿಯಾಗಿದೆಯೇ ಎಂದು. ನೀರಿನ ಮಟ್ಟ ನೋಡಿದ ಮೇಲೆಯೇ ನನ್ನ ಚಹಾ.

ಪಕ್ಕದ ಮನೆಯ ಕರೀಮಾಬಿ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದಳು.

"ಅಕ್ಕಾರ, ಯಜಮಾನ್ರಿಗೂ ಇಷ್ಟ ಸೇವಾ ಮಾಡಿದ್ದಿಲ್ರಿ ನೀವು."

"ಖರೇ ಐತಿ," ಎಂದೆ. "ಅವರು ಪಾಪ, ಒಮ್ಮಿನೂ ನನ್ನ ಹುಬ್ಬು ಸುಡಲಿಲ್ಲ."