ಅಜ್ಜಿಯನ್ನು ಅಳಿಸಲು ಮೂರು ಸಿಟಿಂಗು

ಮನುಷ್ಯರಿಗೆ ತಮ್ಮ ಮುಖದ ಬಗ್ಗೆ ಗೊತ್ತಿರುವುದು ಬಹಳ ಕಡಿಮೆ. ಕುಂಕುಮ ಇಡುವಾಗ ಹಣೆ ಕಾಣುತ್ತದೆ, ಹಲ್ಲುಜ್ಜುವಾಗ ಹಲ್ಲು ಕಾಣುತ್ತದೆ. ಇಡೀ ಮುಖವನ್ನು ನೋಡಿ ಅನುಭವಿಸುವವರು ಬೇರೆಯವರು. ನಾನಂತೂ ಐವತ್ತೆರಡು ವರ್ಷ ನನ್ನ ಮುಖ ನನ್ನದೇ ಎಂದು ನಂಬಿಕೊಂಡಿದ್ದೆ. ಬಸವನಗುಡಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿ, ಹುಬ್ಬು ಗಂಟಿಕ್ಕಿ ಗಂಟಿಕ್ಕಿ, ಹುಬ್ಬುಗಳ ನಡುವೆ ನೆಟ್ಟಗೆ ಎರಡು ಗೆರೆ, ಹಣೆಯ ಮೇಲೆ ಅಡ್ಡಡ್ಡ ಮೂರು, ಮೂಗಿನ ಪಕ್ಕದಿಂದ ಬಾಯಿಯ ಕೊನೆಯವರೆಗೆ ಆಚೆಗೊಂದು ಈಚೆಗೊಂದು ಆಳವಾದ ಸುಕ್ಕು ಸಂಪಾದಿಸಿದ್ದೆ. ಅವುಗಳಿಂದ ಅನುಕೂಲವೇ ಇತ್ತು. ನಾನು ಕ್ಲಾಸಿಗೆ ಕಾಲಿಟ್ಟರೆ ಬೆತ್ತದ ಅಗತ್ಯ ಬೀಳುತ್ತಿರಲಿಲ್ಲ. ಸ್ಕೂಲ್ ಡೇ ನಾಟಕಕ್ಕೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಅಜ್ಜಿ ಮಾಡಬೇಕಾದಾಗ, ಹುಬ್ಬು ತೀಡುವ ಪೆನ್ಸಿಲ್ ಹಿಡಿದು ಅವಳ ಮುಖದ ಮೇಲೆ ಸುಕ್ಕು ಬರೆಯುವ ಕೆಲಸ ಪ್ರತಿ ವರ್ಷ ನನಗೇ ಬರುತ್ತಿತ್ತು. ಮಾದರಿ ಬೇಕೆಂದರೆ ಕನ್ನಡಿ ನೋಡಿಕೊಂಡರೆ ಸಾಕಿತ್ತು.

ಈ ಮುಖ ನನ್ನದಲ್ಲ ಎಂದು ಮೊದಲು ಕಂಡುಹಿಡಿದವಳು ನಮ್ಮಮ್ಮ. ತ್ಯಾಗರಾಜನಗರದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಳು. ಮರೆವಿನ ಕಾಯಿಲೆ ಹಿಡಿದು ಎರಡು ವರ್ಷವಾಗಿತ್ತು. ಮೊದಲು ಸ್ಟವ್ ಆರಿಸುವುದನ್ನು ಮರೆತಳು, ಆಮೇಲೆ ಊಟ ಮಾಡಿದ್ದನ್ನು, ಆಮೇಲೆ ಅಪ್ಪ ತೀರಿಕೊಂಡದ್ದನ್ನು. ನಾನು ದಿನಾ ಸ್ಕೂಲು ಬಿಟ್ಟ ಮೇಲೆ ಅಲ್ಲಿಗೆ ಹೋಗಿ ಒಂದು ಗಂಟೆ ಕೂತು ಬರುತ್ತಿದ್ದೆ. ಒಂದು ಸಂಜೆ ಹೋದಾಗ ಅಮ್ಮ ಮಂಚದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ನನ್ನನ್ನು ಕಂಡದ್ದೇ ತಡ, ಲೋಟವನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ದಡಬಡನೆ ಎದ್ದು ನಿಂತಳು.

"ಅತ್ತೆ, ಎರಡನೇ ಡಿಕಾಕ್ಷನ್ನೇ ಹಾಕ್ಕೊಂಡಿದೀನಿ. ದೇವರಾಣೆ" ಎಂದಳು.

ಈ ಮಾತು ಅರ್ಥವಾಗಬೇಕಾದರೆ ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಯಾರೆಂದು ಹೇಳಬೇಕು. ಚಾಮರಾಜಪೇಟೆಯ ಆ ಹಳೇ ಮನೆಯಲ್ಲಿ ಫಿಲ್ಟರಿನಿಂದ ಇಳಿದ ಮೊದಲ ಡಿಕಾಕ್ಷನ್ ಅಜ್ಜಿಗೆ ಮತ್ತು ಗಂಡಸರಿಗೆ. ಅದೇ ಪುಡಿಯ ಮೇಲೆ ಮತ್ತೆ ಬಿಸಿನೀರು ಹುಯ್ದು ಇಳಿಸಿದ ಬಣ್ಣದ ನೀರು ಸೊಸೆಗೆ. ಅದನ್ನೂ ನಿಂತುಕೊಂಡೇ ಕುಡಿಯಬೇಕು. ಒಮ್ಮೆ ಅಮ್ಮ ಜ್ವರದಲ್ಲಿ ಗಟ್ಟಿ ಕಾಫಿ ಕುಡಿದಳೆಂದು ಅಜ್ಜಿ ಮೂರು ದಿನ ಅವಳ ಹತ್ತಿರ ಮಾತು ಬಿಟ್ಟಿದ್ದಳು. ಬೈಯುತ್ತಿರಲಿಲ್ಲ, ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು, ಅಷ್ಟೆ. ಆ ಅಜ್ಜಿ ಸತ್ತು ಮೂವತ್ತು ವರ್ಷವಾದ ಮೇಲೆ, ಜರಿಯಂಚಿನ ಸೀರೆಯುಟ್ಟು, ಕೈಯಲ್ಲಿ ಉತ್ತರಪತ್ರಿಕೆಗಳ ಚೀಲ ಹಿಡಿದು, ನನ್ನ ಮುಖ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅಮ್ಮಾ, ನಾನು ವಿಮಿ ಕಣಮ್ಮಾ" ಎಂದೆ. ಅಮ್ಮ ಹೌದು ಹೌದು ಎಂದು ತಲೆಯಾಡಿಸಿದಳು. ಕೂತುಕೊಳ್ಳಲಿಲ್ಲ. ದಿನವೂ ಇದೇ ನಡೆಯಿತು. ಎರಡು ವಾರದ ಮೇಲೆ ತಮ್ಮನ ಹೆಂಡತಿ ಸುಮ ನನ್ನನ್ನು ಗೇಟಿನವರೆಗೂ ಕಳಿಸಲು ಬಂದು, ಸಂಕೋಚದಿಂದ ಹೇಳಿದಳು, "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನೀವು ಬಂದು ಹೋದ್ಮೇಲೆ ಅವರು ಊಟಾನೇ ಮಾಡಲ್ಲ. ಪಾತ್ರೆ ತೊಳೀಬೇಕು ಅಂತ ಒದ್ದಾಡ್ತಾರೆ. ಒಂದಷ್ಟು ದಿನ ಬರದೇ ಇದ್ರೆ..." ಹೆತ್ತ ತಾಯಿಯ ಊಟ ತಪ್ಪಿಸುವ ಮುಖ ಎಂಬ ಬಿರುದು ಪಡೆದು ನಾನು ನಾಲ್ಕು ಬಸ್ ಸ್ಟಾಪಿನ ದೂರ ಅಳುತ್ತಾ ನಡೆದು ಬಂದೆ.

ಮುಖದ ಸುಕ್ಕನ್ನು ಲೇಸರಿನಿಂದ ತೆಗೆಯುತ್ತಾರೆಂದು ಸ್ಟಾಫ್ ರೂಮಿನಲ್ಲಿ ಯಾರೋ ವಾರಪತ್ರಿಕೆ ನೋಡಿ ಹೇಳಿದ್ದು ನೆನಪಿತ್ತು. ಆಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಚರ್ಮದ ಡಾಕ್ಟರು ಬಸವನಗುಡಿಯಲ್ಲೂ ಇದ್ದರು, ಆದರೆ ಗಾಂಧಿಬಜಾರಿನಲ್ಲಿ ಒಬ್ಬಳು ಟೀಚರು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದರೆ, ಇಳಿಯುವಷ್ಟರಲ್ಲಿ ಹೂವಿನವರಿಗೆಲ್ಲ ಕಾಯಿಲೆಯ ಹೆಸರು ಗೊತ್ತಾಗಿರುತ್ತದೆ. ಅದಕ್ಕೇ ಎರಡು ಬಸ್ಸು ಬದಲಾಯಿಸಿ ಮಲ್ಲೇಶ್ವರಕ್ಕೆ ಹೋದೆ. ನನ್ನ ಹಳೇ ವಿದ್ಯಾರ್ಥಿನಿಯ ವಯಸ್ಸಿನ ಡಾಕ್ಟರಮ್ಮ ದೀಪದ ಕೆಳಗೆ ನನ್ನ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ, ಫೋಟೋ ತೆಗೆದು, ಯಾವ ಗೆರೆ ಎಷ್ಟು ಆಳ ಎಂದು ಒಂದು ಚಿತ್ರದ ಮೇಲೆ ಗುರುತು ಹಾಕಿಕೊಂಡಳು.

"ನಮ್ಮ ಬಣ್ಣದ ಚರ್ಮಕ್ಕೆ ಒಂದೇ ಸಲ ಆಳವಾಗಿ ಮಾಡಿದ್ರೆ ಕಪ್ಪು ಕಲೆ ಆಗೋ ಚಾನ್ಸ್ ಜಾಸ್ತಿ ಮೇಡಂ. ಮೂರು ಸಿಟಿಂಗ್ ಇಟ್ಕೊಳ್ಳೋಣ, ಮಧ್ಯೆ ಒಂದೂವರೆ ತಿಂಗಳಾದ್ರೂ ಗ್ಯಾಪ್ ಇರ್ಲಿ. ಮೊದಲು ಆರು ವಾರ ಒಂದು ಕ್ರೀಮ್ ಹಚ್ಚಿ. ಕಿವಿ ಹಿಂದೆ ಒಂಚೂರು ಟೆಸ್ಟ್ ಮಾಡಿ ನೋಡ್ತೀನಿ. ಗೆರೆ ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ, ಮೆತ್ತಗಾಗುತ್ತೆ" ಎಂದಳು. ಆಮೇಲೆ ಪೆನ್ನು ಎತ್ತಿ, "ಏನು ವಿಶೇಷ? ಮಗಳ ಮದುವೇನಾ?" ಎಂದು ಕೇಳಿದಳು. ನನಗೆ ಮಗಳೂ ಇಲ್ಲ, ಮಗನೂ ಇಲ್ಲ. ಆದರೆ ನಮ್ಮಮ್ಮ ನನ್ನನ್ನು ನೋಡಿ ಹೆದರುತ್ತಾಳೆ ಎಂದು ಹೇಳಲು ಬಾಯಿ ಬರಲಿಲ್ಲ. ಹೌದೆಂದು ತಲೆಯಾಡಿಸಿದೆ. ಅದು ಫೈಲಿನಲ್ಲಿ ದಾಖಲಾಯಿತು.

ಪ್ರತಿ ಸಿಟಿಂಗ್ ಆದ ಮೇಲೆ ಹತ್ತು ದಿನ ಬಿಸಿಲು ಕೂಡದು, ಒಲೆಯ ಮುಂದೆ ನಿಲ್ಲಕೂಡದು, ಮುಖಕ್ಕೆ ಅರಿಶಿನ ಕುಂಕುಮ ಸೋಕಕೂಡದು. ಮುಖ ಕೆಂಪಗೆ ಊದಿ, ನೀರು ಒಸರಿ, ಸಿಪ್ಪೆ ಏಳುತ್ತದೆ. ನಮ್ಮಂಥ ಮನೆಯಲ್ಲಿ ಮುತ್ತೈದೆಯೊಬ್ಬಳು ಹತ್ತು ದಿನ ಕುಂಕುಮವಿಲ್ಲದೆ ಯಾರ ಕಣ್ಣಿಗೂ ಬೀಳದೆ ಇರುವುದು ಹೇಗೆ? ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬರುತ್ತಾರೆ, ನವರಾತ್ರಿಗೆ ಗೊಂಬೆ ನೋಡಲು ಬರುತ್ತಾರೆ, ಮದುವೆಗೆ ಕರೆಯಲು ಬರುತ್ತಾರೆ. ಪಂಚಾಂಗ ತೆಗೆದು ಕೂತೆ. ಹಬ್ಬವಿಲ್ಲದ, ಮದುವೆಯಿಲ್ಲದ, ಯಾರೂ ಯಾರನ್ನೂ ಕರೆಯದ ಕಾಲ ವರ್ಷಕ್ಕೆ ಮೂರೇ ಸಲ ಬರುತ್ತದೆ: ಆಷಾಢ, ಪಿತೃಪಕ್ಷ, ಧನುರ್ಮಾಸ. ಸಿಟಿಂಗೂ ಮೂರೇ. ಚೀಟಿಯಲ್ಲಿ ಬರೆದುಕೊಂಡು ಹೋದೆ.

"ಎಲ್ಲರೂ ಒಳ್ಳೇ ದಿನ ಕೇಳ್ಕೊಂಡು ಬರ್ತಾರೆ. ಕೆಟ್ಟ ದಿನ ಹುಡುಕ್ಕೊಂಡು ಬಂದವರು ನೀವೇ ಫಸ್ಟು" ಎಂದು ಡಾಕ್ಟರಮ್ಮ ನಕ್ಕು ಮೂರನ್ನೂ ಒಪ್ಪಿಕೊಂಡಳು. ನಮ್ಮ ಯಜಮಾನರಿಗೆ ಹೇಳಿದೆ. ಅವರು ಪೇಪರಿನ ಹಿಂದಿನಿಂದಲೇ, "ಆಮೇಲೆ ನಿನ್ನ ಗುರುತು ಹಿಡಿಯೋದು ಹೆಂಗೆ?" ಎಂದರು. "ಪೇಪರ್ ಕೆಳಗಿಟ್ರೆ ಹಿಡೀಬಹುದು" ಎಂದೆ.

ಆಷಾಢದಲ್ಲಿ ಮೊದಲ ಸಿಟಿಂಗ್ ಆಯಿತು. ಮರಗಟ್ಟುವ ಮುಲಾಮು ಹಚ್ಚಿದ್ದರೂ ಉರಿಯಿತು. ಅದಕ್ಕಿಂತ ಕಷ್ಟವಾದದ್ದು ಸುಟ್ಟ ವಾಸನೆ, ಏಕೆಂದರೆ ಸುಡುತ್ತಿರುವುದು ಯಾರೆಂದು ಗೊತ್ತಿತ್ತು. ಸ್ಕೂಲಿಗೆ ರಜೆ ಹಾಕಿ, ಹತ್ತು ದಿನ ಮುಖಕ್ಕೆ ವ್ಯಾಸಲೀನ್ ಮೆತ್ತಿಕೊಂಡು ಒಳಗಿನ ಕೋಣೆಯಲ್ಲಿ ಕೂತೆ. ಆಮೇಲೆ ಹಿಂದಿಗಿಂತ ಸ್ವಲ್ಪ ಕೆಂಪಗಿರುವ ಅಜ್ಜಿಯಾಗಿ ತ್ಯಾಗರಾಜನಗರಕ್ಕೆ ಹೋದೆ. ಅಮ್ಮ ಮತ್ತೆ ಲೋಟ ಮುಚ್ಚಿಟ್ಟಳು. ಈ ಸಲ ಕಾಫಿ ಬಿಸಿಯಾಗಿತ್ತು, ತೊಡೆಯ ಮೇಲೆ ಚೆಲ್ಲಿತು. ಅಮ್ಮ ತುಟಿ ಕಚ್ಚಿಕೊಂಡಳೇ ಹೊರತು ಹಾ ಎನ್ನಲಿಲ್ಲ. ಅತ್ತೆಯ ಮುಂದೆ ಸೊಸೆ ಕೂಗಬಾರದಲ್ಲ.

ಆ ಗಳಿಗೆಯಲ್ಲಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಸುಮ ಸುಟ್ಟ ಜಾಗಕ್ಕೆ ತಣ್ಣೀರು ಹಾಕಿ ಒರೆಸಿ ಸೀರೆ ಬದಲಾಯಿಸಿದ ಮೇಲೆ, ಹೊಸದಾಗಿ ಕಾಫಿ ಬೆರೆಸಿ ತಂದು, ಅಜ್ಜಿಯ ಧ್ವನಿ ತೆಗೆದು, "ಕೂತ್ಕೊಳ್ಳೇ. ಇವತ್ತಿಂದ ನಿಂಗೂ ಮೊದಲನೇ ಡಿಕಾಕ್ಷನ್ನೇ. ಇಷ್ಟು ವರ್ಷ ನಂದೇ ತಪ್ಪಾಯ್ತು" ಎಂದುಬಿಟ್ಟೆ. ಅಮ್ಮ ಬಹಳ ಹೊತ್ತು ನನ್ನ ಮುಖ ನೋಡಿದಳು. ನಿಧಾನವಾಗಿ ಕೂತಳು. ಎರಡೂ ಕೈಯಲ್ಲಿ ಲೋಟ ಹಿಡಿದು ಪೂರ್ತಿ ಕುಡಿದಳು. ಆ ರಾತ್ರಿ ಊಟವನ್ನೂ ಮಾಡಿದಳಂತೆ.

ಅಂದಿನಿಂದ ನಾನು ದಿನಾ ಐದು ಗಂಟೆಗೆ ಹೋಗಿ ಅಜ್ಜಿಯಾದೆ. ನಿನ್ನ ಸಾರು ಚೆನ್ನಾಗಿರುತ್ತೆ ಕಣೇ ಎಂದೆ. ತವರಿಗೆ ಹೋಗಿ ಹದಿನೈದು ದಿನ ಇದ್ದು ಬಾ ಎಂದೆ. ಅಮ್ಮನ ಮುಖ ಅರಳುತ್ತಿತ್ತು. ಇಷ್ಟಾದ ಮೇಲೆ ಲೇಸರು ನಿಲ್ಲಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಿಲ್ಲಿಸಲಿಲ್ಲ. ನನಗೆ ಅಮ್ಮ ಒಂದು ಸಲ, ಒಂದೇ ಒಂದು ಸಲ, ವಿಮಿ ಎಂದು ಕರೆಯಬೇಕಾಗಿತ್ತು. ನನ್ನ ಕಣ್ಣೆದುರಿಗೇ ಅವಳ ಪ್ರೀತಿಯೆಲ್ಲ ಅಜ್ಜಿಯ ಪಾಲಾಗುತ್ತಿತ್ತು, ಅದೂ ನನ್ನ ಖರ್ಚಿನಲ್ಲಿ. ಸತ್ತವಳ ಮೇಲೆ ಇಷ್ಟು ಹೊಟ್ಟೆಕಿಚ್ಚು ಪಟ್ಟವರು ಲೋಕದಲ್ಲಿ ಯಾರೂ ಇರಲಾರರು. ಪಿತೃಪಕ್ಷದಲ್ಲಿ ನನ್ನ ತಮ್ಮ ಅಜ್ಜಿಗೆ ಪಿಂಡ ಇಟ್ಟ ವಾರವೇ ನಾನು ಅವಳ ಹಣೆಯನ್ನು ಎರಡನೇ ಸಲ ಸುಡಿಸಿದೆ. ಆಮೇಲೂ ಅಮ್ಮನಿಗೆ ನಾನು ಅತ್ತೆಯೇ. ಧನುರ್ಮಾಸದಲ್ಲಿ ಮೂರನೆಯದು.

ಸಂಕ್ರಾಂತಿಯ ಹೊತ್ತಿಗೆ ಕನ್ನಡಿಯಲ್ಲಿ ನಿಜವಾಗಿಯೂ ಬೇರೆ ಹೆಂಗಸಿದ್ದಳು. ಗೆರೆಗಳು ಪೂರ್ತಿ ಹೋಗಿರಲಿಲ್ಲ, ಆದರೆ ಅಜ್ಜಿ ಹೋಗಿದ್ದಳು. ಎಳ್ಳು ಬೆಲ್ಲ ಹಿಡಿದು ಅಮ್ಮನ ಕೋಣೆಗೆ ಹೋದೆ. ಅಮ್ಮ ಹೆದರಲಿಲ್ಲ, ಏಳಲೂ ಇಲ್ಲ.

"ಬನ್ನಿ, ಕೂತ್ಕೊಳ್ಳಿ. ಯಾರು ಅಂತ ಗೊತ್ತಾಗ್ಲಿಲ್ಲ" ಎಂದಳು.

"ನಾನಮ್ಮಾ, ವಿಮಿ."

"ವಿಮಿ ಇನ್ನೂ ಸ್ಕೂಲಿಂದ ಬಂದಿಲ್ಲಮ್ಮ. ಮೂರನೇ ಕ್ಲಾಸು" ಎಂದು, ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದಳು. "ನಮ್ಮತ್ತೇನ ಎಲ್ಲಾದ್ರೂ ಕಂಡ್ರಾ? ಈಗೀಗ ತುಂಬಾ ಒಳ್ಳೆಯವರಾಗಿದಾರೆ. ಎಷ್ಟೋ ದಿನ ಆಯ್ತು, ಬಂದೇ ಇಲ್ಲ. ನನ್ನಿಂದ ಏನಾದ್ರೂ ತಪ್ಪಾಯ್ತೋ ಏನೋ."

ಮಂಚದ ಪಕ್ಕದಲ್ಲಿ ಕೆನೆ ಕಟ್ಟಿದ ಕಾಫಿ ಇತ್ತು. ನಾನು ಬಾರದ ಹತ್ತು ದಿನದಿಂದಲೂ ಕಾಫಿ ಮುಟ್ಟಿಲ್ಲ, ಅತ್ತೆ ಬರಲಿ ಎಂದು ಊಟವನ್ನೂ ಅರ್ಧಕ್ಕೆ ಬಿಡುತ್ತಾರೆ ಎಂದಳು ಸುಮ. ಅಮ್ಮನ ಕೈ ಹಿಡಿದು ನೋಡಿದೆ, ಬಳೆ ಮೊಣಕೈವರೆಗೂ ಜಾರುತ್ತಿತ್ತು. ಅವಳಿಗೆ ಬೇಕಾಗಿದ್ದ ವಿಮಿಗೆ ಎಂಟು ವರ್ಷ. ಆ ಮುಖಕ್ಕೆ ಹೋಗುವಷ್ಟು ಸಿಟಿಂಗು ಯಾವ ಡಾಕ್ಟರ ಹತ್ತಿರವೂ ಇರಲಿಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ನಾನು ಗಣಿತದ ಟೀಚರು.

ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಚೀಲದಲ್ಲಿ ಸ್ಕೂಲ್ ಡೇ ನಾಟಕದ ಪೆನ್ಸಿಲ್ ಇತ್ತು. ಹುಬ್ಬಿನ ನಡುವೆ ಎರಡು, ಹಣೆಗೆ ಮೂರು, ಬಾಯಿಯ ಆಚೀಚೆ ಒಂದೊಂದು ಬರೆದೆ. ಕೈಗೆ ಅಭ್ಯಾಸವಿತ್ತು, ಮಾದರಿ ಮಾತ್ರ ಈಗ ಕನ್ನಡಿಯಲ್ಲಿರಲಿಲ್ಲ. ಸುಮ ಕಾಫಿ ಬಿಸಿ ಮಾಡಿ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಿ ಲೋಟ ಕೈಗೆ ಕೊಟ್ಟಳು. ಅಮ್ಮ ಅಷ್ಟನ್ನೂ ಕುಡಿದಳು.

ಫೆಬ್ರವರಿಯಲ್ಲಿ ಡಾಕ್ಟರಮ್ಮ ಕೊನೆಯ ಫೋಟೋ ತೆಗೆಯಲು ಕರೆದಿದ್ದಳು. ಫೈಲು ನೋಡಿ, "ಮದುವೆ ಚೆನ್ನಾಗಾಯ್ತಾ? ಮನೇಲಿ ಏನಂದ್ರು?" ಎಂದಳು. "ನಮ್ಮಮ್ಮ ಗುರುತೇ ಹಿಡೀಲಿಲ್ಲ" ಎಂದೆ. ಅವಳಿಗೆ ಬಹಳ ಸಂತೋಷವಾಯಿತು. ಅದನ್ನೂ ಬರೆದುಕೊಂಡಳು. ಆಮೇಲೆ ದೀಪ ಹತ್ತಿರ ಎಳೆದು, ಹುಬ್ಬುಗಳ ನಡುವೆ ಬಗ್ಗಿ ನೋಡಿ, "ಅರೆ, ಇಲ್ಲೊಂದು ಗೆರೆ ಉಳ್ಕೊಂಡ್ಬಿಟ್ಟಿದೆಯಲ್ಲ. ಬೇಕಿದ್ರೆ ಇನ್ನೊಂದು ಸಿಟಿಂಗ್‌ನಲ್ಲಿ ತೆಗೆದ್ಬಿಡೋಣ" ಎಂದಳು. ಅದು ಹಿಂದಿನ ಸಂಜೆ ಸರಿಯಾಗಿ ಒರೆಸಿಕೊಳ್ಳದೆ ಬಿಟ್ಟ ಪೆನ್ಸಿಲ್ ಗೆರೆ.

"ಇರ್ಲಿ ಬಿಡಿ ಡಾಕ್ಟ್ರೇ" ಎಂದೆ. "ಸಾಯಂಕಾಲ ನಮ್ಮಮ್ಮ ಕಾಫಿ ಕುಡೀಬೇಕು."