ಕೇಶವಪ್ರಸಾದ ಮಾಷ್ಟ್ರ ತರ್ಜುಮೆ

ಉಗ್ಗಪ್ಪನ ಚಾ ಅಂಗಡಿಯಲ್ಲಿ ಕನ್ನಡ ಪೇಪರು ಬೇರೆ ಯಾರದೋ ಕೈಯಲ್ಲಿತ್ತು. ಹಾಗಾಗಿ ನಿವೃತ್ತ ಗಣಿತದ ಮಾಷ್ಟ್ರು ಕೇಶವಪ್ರಸಾದರು ಮಲಯಾಳ ಪೇಪರನ್ನೇ ಅಗಲವಾಗಿ ಬಿಡಿಸಿ, ಚಾ ಮುಗಿಯುವವರೆಗೆ ಚಿತ್ರ ನೋಡುತ್ತಾ ಕುಳಿತಿದ್ದರು. ಮುಂದಿನ ಎಲ್ಲ ಅನಾಹುತಕ್ಕೂ ಇಷ್ಟೇ ಕಾರಣ.

"ಮಾಷ್ಟ್ರಿಗೆ ಮಲಯಾಳ ಓದ್ಲಿಕ್ಕೂ ಬರ್ತದಾ?" ಪಂಚಾಯತು ಮೆಂಬರ್ ಲತೀಶ ಬೆರಗಾಗಿ ಕೇಳಿದ.

ಇಲ್ಲ ಎನ್ನಲು ಮಾಷ್ಟ್ರಿಗೆ ಮರ್ಯಾದೆ ಅಡ್ಡ ಬಂತು. "ಅದೆಂತ ದೊಡ್ಡ ವಿಷಯ ಮಾರಾಯ! ನಮ್ಮ ಕನ್ನಡದ ಬಾಲಕ್ಕೆ ಒಂದು 'ಅಂ' ಸೇರಿಸಿದರೆ ಆಯ್ತು."

ಲತೀಶನಿಗೆ ದೇವರೇ ಸಿಕ್ಕಿದಂತಾಯಿತು. ಗಡಿಯಾಚೆಯ ಕನ್ನಡದೂರು ಎಣ್ಮಕಜೆಯ ಒಳಭಾಗದ ಆಶಾ ಕಾರ್ಯಕರ್ತೆಯರು ತರಬೇತಿಗೆಂದು ಬಸ್ಸು ಬದಲಿಸುತ್ತಾ ಪೇಟೆಗೆ ಹೋಗಿ, ಭರಭರ ಮಲಯಾಳದ ಪಾಠವನ್ನು ಅರ್ಧಂಬರ್ಧ ಕೇಳಿ ಬರುತ್ತಿದ್ದರು. "ನಮ್ಮ ಊರಲ್ಲೇ, ಕನ್ನಡದಲ್ಲಿ ಮಾಡಿ" ಎಂದು ಆರೋಗ್ಯ ಇಲಾಖೆಯ ಬೆನ್ನು ಹತ್ತಿದ್ದ ಲತೀಶನಿಗೆ ಕೊನೆಗೂ ಒಂದು ಉತ್ತರ ಬಂದಿತ್ತು: ಕಲಿಸುವ ಸಿಸ್ಟರನ್ನು ಕಳಿಸುತ್ತೇವೆ, ತರ್ಜುಮೆಗೆ ಜನ ನೀವೇ ನೋಡಿ. ಸರಿಹೋದರೆ ಪ್ರತಿ ತಿಂಗಳೂ ನಿಮ್ಮಲ್ಲೇ; ಇಲ್ಲದಿದ್ದರೆ ಮೊದಲಿನ ಹಾಗೆ ಪೇಟೆಗೆ.

"ನೀವು ತರ್ಜುಮೆ ಮಾಡುವುದಾ?" ತರಬೇತಿಯ ದಿನ ಹೊರಡುವಾಗ ಹೆಂಡತಿ ಪರಮೇಶ್ವರಿ ಕೇಳಿದರು. "ಮೊನ್ನೆ ಮಲಯಾಳ ಬೋರ್ಡು ಓದಿ ಬಂದ್ಯೋಡಿನ ಬಸ್ಸು ಅಂತ ಹತ್ತಿ ಬದಿಯಡ್ಕದಲ್ಲಿ ಇಳಿದವರು!"

ಮಾಷ್ಟ್ರು ಕೇಳಿಸದವರಂತೆ ಇಸ್ತ್ರಿ ಮಾಡಿದ ಪಂಚೆಯ ಅಂಚು ಹಿಡಿದು ನಡೆದರು.

ಪಂಚಾಯತು ಹಾಲಿನಲ್ಲಿ ಆಶಾ ಕಾರ್ಯಕರ್ತೆಯರು ತುಂಬಿದ್ದರು. ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಕಿನ್ನಿಯಕ್ಕ. ತರಬೇತಿಯ ಸಿಸ್ಟರ್ ಸುಪ್ರೀತಾ ನಗುಮುಖದ ಹುಡುಗಿ. ಆದರೆ ಬಾಯಿ ತೆರೆದರೆ ಅವಳ ಮಲಯಾಳ ಬಾಳೆಕಾಯಿ ಚಿಪ್ಸು ಎಣ್ಣೆಗೆ ಬಿದ್ದ ಹಾಗೆ ಚಟಪಟ.

"ಚೋರ ವನ್ನಾಲ್ ತುಣಿ ವೆಚ್ಚು ಅಮರ್ತಿ ಪಿಡಿಕ್ಕಣಂ."

ಮಲಯಾಳದಲ್ಲಿ ಚೋರ ಎಂದರೆ ರಕ್ತ. ಪಾಪ, ಮಾಷ್ಟ್ರಿಗೆ ಗೊತ್ತಿದ್ದದ್ದು ಕನ್ನಡದ ಚೋರ ಒಬ್ಬನೇ. ಅವರು ಗಂಟಲು ಸರಿಮಾಡಿಕೊಂಡು, "ಕಳ್ಳ ಬಂದರೆ ಬಟ್ಟೆ ಹಾಕಿ ಅದುಮಿ ಹಿಡಿಯಬೇಕು" ಎಂದರು.

ಹಾಲಿನಲ್ಲಿ ಸೆರಗುಗಳೆಲ್ಲ ಬಾಯಿಗೆ ಹೋದವು; ಹೆಂಗಸರು ಒಬ್ಬರ ಕಿವಿಗೊಬ್ಬರು 'ಅದಲ್ಲ, ರಕ್ತ' ಎಂದು ಪಿಸುಗುಟ್ಟಿದರು. ಸಿಸ್ಟರಿಗೆ ಯಾಕೋ ಕೆಮ್ಮು ಹತ್ತಿಕೊಂಡಿತು. ನೀರು ಕುಡಿದು ಮುಂದುವರಿಸಿದಳು: "ಕುಞ್ಞಿನು ಆರು ಮಾಸಂ ಮುಲಪ್ಪಾಲ್ ಮಾತ್ರಂ."

ಆರು ತಿಂಗಳು ಮಗುವಿಗೆ ಎದೆಹಾಲು ಮಾತ್ರ ಎಂದು ಅವಳು ಹೇಳಿದ್ದು. ಮಾಷ್ಟ್ರಿಗೆ ಕಂಡದ್ದು ಮನೆಯ ಮೂಲೆ, ಆಸ್ತಿಯ ಪಾಲು. "ಮಗುವಿಗೆ ಆರು ತಿಂಗಳು ಮೂಲೆಪಾಲು ಮಾತ್ರ."

"ಮೂಲೆಪಾಲು ಹೆಣ್ಣು ಮಗುವಿಗೂ ಉಂಟಾ ಮಾಷ್ಟ್ರೇ?" ಕಿನ್ನಿಯಕ್ಕ ಮುಖ ಗಂಭೀರ ಮಾಡಿಕೊಂಡು ಕೇಳಿದಳು.

"ಉಂಟು, ಉಂಟು. ಈಗಿನ ಕಾನೂನಲ್ಲಿ ಎಲ್ಲರಿಗೂ ಸಮಪಾಲು" ಎಂದು ಮಾಷ್ಟ್ರು ತಮ್ಮ ಕಡೆಯಿಂದಲೇ ಒಂದಷ್ಟು ಸೇರಿಸಿದರು. ಬೆನ್ನ ಮೇಲೆ ಬೆವರು ಇಳಿಯತೊಡಗಿತ್ತು.

ಮಧ್ಯಾಹ್ನದ ಊಟವಾದ ಮೇಲೆ ವಿಷಯ ಭೇದಿಗೆ ಬಂತು. "ವಯರಿಳಕ್ಕಂ ವನ್ನಾಲ್ ಉಪ್ಪುಂ ಪಂಚಸಾರಯುಂ ಇಟ್ಟ ವೆಳ್ಳಂ ಕೊಡುಕ್ಕಣಂ" ಎಂದಳು ಸಿಸ್ಟರ್. ವಯರ್ ಎಂದರೆ ಮಲಯಾಳದಲ್ಲಿ ಹೊಟ್ಟೆ. ಮಾಷ್ಟ್ರು ಹಣೆ ಒರೆಸಿಕೊಂಡರು. "ಮನೆಯ ವಯರು ಸಡಿಲ ಆದರೆ, ಉಪ್ಪು ಸಕ್ಕರೆ ಹಾಕಿದ ನೀರು ಕೊಡಬೇಕು."

ಹಿಂದಿನ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಲತೀಶ ಧಡಕ್ಕನೆ ಎದ್ದ. ಮೆಂಬರಾಗುವ ಮೊದಲು ಅವನದ್ದು ವಯರಿಂಗ್ ಕೆಲಸ. "ವಯರಿಗೆ ನೀರಾ? ಶಾಕ್ ಹೊಡೆದು ಜನ ಸಾಯ್ತಾರೆ ಮಾಷ್ಟ್ರೇ! ಮೊದಲು ಮೈನ್ ಸ್ವಿಚ್ ಆಫ್ ಮಾಡ್ಬೇಕು!"

ಈ ಸಲ ಸೆರಗುಗಳಿಂದ ನಗು ತಡೆಯಲಾಗಲಿಲ್ಲ. ಸಿಸ್ಟರ್ ಮೇಜಿನ ಮೇಲೆ ತಲೆಯಿಟ್ಟುಬಿಟ್ಟಳು. ಏನೋ ಎಡವಟ್ಟಾಗಿದೆ ಎಂದು ಮಾಷ್ಟ್ರಿಗೆ ಖಾತ್ರಿಯಾಯಿತು. ತಮ್ಮ ಒಣ ಜಂಬದಿಂದ ಈ ಹೆಂಗಸರು ಮತ್ತೆ ಬಸ್ಸು ಹತ್ತಿ ಪೇಟೆಗೆ ಅಲೆಯಬೇಕಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಕೊನೆಯಲ್ಲಿ ಪರೀಕ್ಷೆ ಬೇರೆ ಇತ್ತು. ಕಳ್ಳನನ್ನು ಯಾರು ಹೇಗೆ ಹಿಡಿಯುತ್ತಾರೋ ಎಂದು ಅವರು ಕಣ್ಣು ಮುಚ್ಚಿ ಕುಳಿತರು.

ಕಣ್ಣು ಬಿಟ್ಟಾಗ ಕಿನ್ನಿಯಕ್ಕ ಪಕ್ಕದವಳ ಅಂಗೈ ಮೇಲೆ ಬಟ್ಟೆ ಒತ್ತಿ ಹಿಡಿದು, ರಕ್ತ ನಿಲ್ಲಿಸುವುದನ್ನು ತೋರಿಸುತ್ತಿದ್ದಳು. ಇನ್ನೊಬ್ಬಳು ಎದೆಹಾಲಿನ ವಿಷಯ ತಡವರಿಸದೆ ಹೇಳಿದಳು. ಒಬ್ಬರೂ ತಪ್ಪಲಿಲ್ಲ. ಮಾಷ್ಟ್ರು ಬಾಯಿ ತೆರೆದವರು ಮುಚ್ಚಲಿಲ್ಲ.

"ಇನ್ನು ಬೆವರು ಒರೆಸಿಕೊಳ್ಳಿ ಮಾಷ್ಟ್ರೇ" ಎಂದಳು ಸಿಸ್ಟರ್, ಅಚ್ಚ ಕನ್ನಡದಲ್ಲಿ. "ನನ್ನ ಮನೆ ಇಲ್ಲೇ ಮೀಂಜದಲ್ಲಿ. ಓದಿದ್ದು ಕನ್ನಡ ಮೀಡಿಯಂ."

ಮಾಷ್ಟ್ರು ಕುಳಿತಲ್ಲಿಂದ ಎದ್ದುಬಿಟ್ಟರು. "ಮತ್ತೆ ಬೆಳಗ್ಗಿಂದ ಮಲಯಾಳ ಯಾಕೆ?"

"ಮಲಯಾಳದಲ್ಲಿ ಪಾಠ, ಕನ್ನಡಕ್ಕೆ ತರ್ಜುಮೆ ಅಂತ ಆರ್ಡರ್ ಉಂಟು. ಮತ್ತೆ, ನೀವು ಅಷ್ಟು ಚಂದ ಹೊರಟು ಬಂದಿದ್ರಿ, ಬೇಡ ಹೇಳ್ಲಿಕ್ಕೆ ಮನಸ್ಸಾಗ್ಲಿಲ್ಲ. ಎಡೆಯಲ್ಲಿ ಸರಿ ಮಾಡುವ ಅಂತ ಇದ್ದೆ, ಅಷ್ಟರಲ್ಲಿ ಕಳ್ಳ ಬಂದ!" ಅವಳಿಗೆ ಮತ್ತೆ ನಗು ಉಕ್ಕಿತು. "ಬೇರೆ ಕಡೆ ಊಟ ಆದ ಮೇಲೆ ಅರ್ಧ ಕ್ಲಾಸು ನಿದ್ದೆ. ಇಲ್ಲಿ ನೀವು ಒಂದು ಹೇಳುವುದು, ಇವರು 'ಅದಲ್ಲ, ಇದು' ಅಂತ ಒಬ್ಬರಿಗೊಬ್ಬರು ತಿದ್ದಿಕೊಳ್ಳುವುದು. ತಾವೇ ತಿದ್ದಿದ್ದನ್ನು ಇನ್ನು ಮರೀತಾರಾ? ಪ್ರತಿ ತಿಂಗಳೂ ಇಲ್ಲೇ ಕ್ಲಾಸು ಅಂತ ಇವತ್ತೇ ಹೇಳ್ತೇನೆ."

ಮಾಷ್ಟ್ರಿಗೆ ಹೋದ ಜೀವ ಬಂತು. "ಒಳ್ಳೇದಾಯ್ತು. ಇನ್ನು ನೀವೇ ಕನ್ನಡದಲ್ಲಿ ಹೇಳಿ" ಎನ್ನುತ್ತಾ ಮೆಲ್ಲಗೆ ಬಾಗಿಲ ಕಡೆ ಸರಿದರು.

"ಎಲ್ಲಿಗೆ?" ಕಿನ್ನಿಯಕ್ಕ ಅಡ್ಡ ನಿಂತಳು. "ಮಾಷ್ಟ್ರು ಇಲ್ಲದ ಕ್ಲಾಸಿಗೆ ನಾವು ಬರುವುದಿಲ್ಲ, ಹೇಳಿದ್ದೇನೆ!" ಹಾಲಿನಲ್ಲಿದ್ದವರೆಲ್ಲ ಹೌದೆಂದು ಚಪ್ಪಾಳೆ ತಟ್ಟಿದರು.

ಸಂಜೆ ಮನೆಯ ಜಗಲಿಯಲ್ಲಿ ಮಾಷ್ಟ್ರು ಪಂಚೆ ಮೇಲೆ ಕಟ್ಟಿ ಗಾಳಿ ಹಾಕಿಕೊಳ್ಳುತ್ತಿದ್ದಾಗ ಪರಮೇಶ್ವರಿ ಚಾ ತಂದಿಟ್ಟು ಸುದ್ದಿ ಕೇಳಿದರು.

"ಪ್ರತಿ ತಿಂಗಳೂ ನಾನೇ ಬೇಕಂತೆ."

"ಅಯ್ಯೋ ದೇವರೇ! ಹಾಗಾದ್ರೆ ಇನ್ನಾದರೂ ಸ್ವಲ್ಪ ಮಲಯಾಳ ಕಲಿಯಿರಿ."

ಮಾಷ್ಟ್ರು ಚಾ ಗುಟುಕರಿಸಿ ನಿಟ್ಟುಸಿರು ಬಿಟ್ಟರು.

"ಕಲಿಯುವ ಹಾಗಿಲ್ಲ ಮಾರಾಯ್ತಿ. ಅದೊಂದೇ ಅವರ ಶರತ್ತು."